ಆಗಬಹುದು

ಇವತ್ತು ಚಿಂತಾಮಣಿ ಸಂತೆಯಲ್ಲಿ ಮಾವಿನಹಣ್ಣಿನವನಿಗೆ "ನಾಳೆಗೆ ಹಣ್ಣಾಗುತ್ತೇನಪ್ಪಾ?" ಅಂದೆ. "ಆಗಬಹುದಕ್ಕಾ" ಅಂದ. ನಗು ಬಂತು. ಆ ಒಂದು ಪದಕ್ಕಾಗಿ ನಮ್ಮ ಸೀನಿಯರ್ ಸಾರ್ ಕೋರ್ಟಿನಲ್ಲಿ ಅರ್ಧ ಆಯುಸ್ಸು ಕಳೆದರು, ನೋಡಿ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಅವರ ಜೂನಿಯರ್, ಹೊಸ ಕರಿಕೋಟಿನ ಜಂಬದವಳು. ಹೊಡೆದಾಟದ ಕೇಸುಗಳಲ್ಲಿ ನಾವು ಆರೋಪಿ ಕಡೆ; ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸಾಕ್ಷಿಗೆ ಬರುತ್ತಿದ್ದರು. ಸಾರ್ ಎದ್ದು ಕೈಮುಗಿದೇ ಶುರು ಮಾಡುವರು. "ಡಾಕ್ಟ್ರೇ, ನಿಮ್ಮ ಓದಿನ ಮುಂದೆ ನಾನೇನು ಬಿಡಿ. ಕುಡಿದವನು ಚಪ್ಪಡಿ ಮೇಲೆ ಬಿದ್ದರೂ ತಲೆಗೆ ಇಂಥದೇ ಗಾಯ ಆಗಬಹುದಲ್ವಾ?"

"ಆಗಬಹುದು."

ಅಷ್ಟೇ. ಸಾರ್ ಕೂತುಬಿಡುತ್ತಿದ್ದರು. ಅಷ್ಟು ಅನುಮಾನ ಸಾಕು, ಆರೋಪಿ ಪಾರು.

ಒಂದು ಸಲ ಪಾಟೀಸವಾಲು ನನಗೆ ಬಿಟ್ಟರು. ಡಾಕ್ಟರ ಬಾಯಿಂದ ನಾನೂ "ಆಗಬಹುದು" ಹೊರಡಿಸಿದೆ. ಕೂರಬೇಕಿತ್ತು ತಾನೇ? ಹುರುಪು! "ಹಾಗಾದ್ರೆ ದೊಣ್ಣೆ ಏಟೇ ಅಲ್ಲ ಅಂತೀರಾ?" ಅಂದೆ.

"ತಲೆ ಗಾಯದ ಮಾತು ಹೇಳಿದೆನಮ್ಮಾ. ಬೆನ್ನಿನ ಮೇಲೆ ಜೋಡಿ ಬರೆ ಇದೆಯಲ್ಲ, ಅದು ದೊಣ್ಣೆ ಏಟಿಗೇ ಮೂಡೋದು."

ಕೇಸು ಮಣ್ಣುಪಾಲು. ಹೊರಗೆ ಹೊಂಗೆಮರದ ಕೆಳಗೆ ಸಾರ್ ತಲೆ ಚಚ್ಚಿಕೊಂಡರು. "ಪಾಯೆ! ಎಲ್ಲಾ ಹೋಯ್ತು! ಆಗಬಹುದು ಅಂದ್ಮೇಲೆ ಕೂತ್ಕೋಬೇಕು ಕಣಮ್ಮಾ. ಇನ್ನೊಂದು ಪ್ರಶ್ನೆ ಕೇಳಿದೋರು ಕೆಟ್ಟರು." ಬೈದು ಮುಗಿಸಿ ಟೀ ಕೊಡಿಸಿದರು. ಅವರ ಬೈಗುಳ ಅಷ್ಟೇ.

ಕೆಲವು ವರ್ಷಕ್ಕೆ ಸಾರ್ ಹಾಸಿಗೆ ಹಿಡಿದರು. ನೋಡಿಕೊಳ್ಳುತ್ತಿದ್ದವರು ಅದೇ ಡಾಕ್ಟರು. ನನಗೆ ತಂದೆ ಇರಲಿಲ್ಲ, ತಂದೆಯಂತೆ ಇದ್ದವರು ಸಾರ್ ಒಬ್ಬರೇ. ಮಂಚದ ಪಕ್ಕ ನಿಂತು ಕೇಳಿದೆ.

"ಡಾಕ್ಟ್ರೇ, ಸಾರ್‌ಗೆ ವಾಸಿ ಆಗಬಹುದಲ್ವಾ?"

ಡಾಕ್ಟರು ಸಾರ್ ಮುಖ ನೋಡಿದರು, ನನ್ನ ಮುಖ ನೋಡಿದರು. "ಆಗಬಹುದು" ಅಂದರು.

ನಾನು ಮತ್ತೆ ಬಾಯಿ ತೆರೆದೆ. ಕಣ್ಣು ಮುಚ್ಚಿ ಮಲಗಿದ್ದ ಸಾರ್ ನನ್ನ ಸೆರಗು ಜಗ್ಗಿದರು.

"ಸಾಕು ಕಣಮ್ಮಾ. ಕೂತ್ಕೋ."

ಕೂತೆ. ಮಾವಿನ ಕಾಲ ಮುಗಿಯುವ ಮೊದಲೇ ಹೊರಟುಹೋದರು. ಆ "ಆಗಬಹುದು" ಅನ್ನೋದನ್ನು ಹಿಡಕೊಂಡು ಅಷ್ಟು ದಿನವಾದರೂ ನಗುನಗುತ್ತಾ ಅವರ ಹತ್ತಿರ ಕೂತಿದ್ದೆನಲ್ಲ, ಅದೇ ನನಗೆ ಉಳಿದದ್ದು.

ಹಣ್ಣಿನವನು "ಗ್ಯಾರಂಟಿ ಬೇಕೇನಕ್ಕಾ?" ಅಂದ.

"ಬೇಡಪ್ಪಾ. ಕಟ್ಟು" ಅಂದೆ.