ಕಾಂಟಾದ ಅಮರಪ್ಪನನ್ನು ಹುಡುಕಿಕೊಂಡು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯುಗಾದಿ ಮುಗಿದ ಮರುವಾರ ಒಂದು ಬೆಳಗ್ಗೆ ರಾಯಚೂರಿನ ನಿಲ್ದಾಣದಲ್ಲಿ ಮಾನವಿಯ ಬಸ್ಸು ಹತ್ತಿದೆ. ಟಿಕೆಟ್ಟು ನಾಲ್ಕು ರೂಪಾಯಿ ಚಿಲ್ಲರೆ. ಏಳು ಗಂಟೆಗೇ ಸೀಟಿನ ಕಬ್ಬಿಣ ಬೆಚ್ಚಗಾಗಿತ್ತು. ಸೋದರತ್ತೆಯನ್ನು ನೋಡಿ ಬರುತ್ತೇನೆಂದು ಮಿಲ್ಲಿನಲ್ಲಿ ಎರಡು ದಿನದ ರಜೆ ಕೇಳಿದ್ದೆ. ಹೊರಟದ್ದು ಮಾತ್ರ ಅಮರಪ್ಪನನ್ನು ಹುಡುಕಲು.

ನಾನು ರಾಯಚೂರಿನ ಊರಂಚಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಹತ್ತಿಯಿಂದ ಬೀಜ ಬೇರೆ ಮಾಡುವ ಇಂಥ ಮಿಲ್ಲುಗಳು ನಿಜಾಮರ ಕಾಲದಲ್ಲಿ ರೈಲು ನಿಲ್ದಾಣದ ಆಸುಪಾಸಿನಲ್ಲೇ ಇದ್ದವಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಊರು ಹೊರಕ್ಕೆ ಬೆಳೆದು, ಜೋಳದ ಹೊಲಗಳಲ್ಲಿ ಗೋದಾಮುಗಳು ಎದ್ದಿದ್ದವು. ಸುಗ್ಗಿಯಲ್ಲಿ ಸುತ್ತಲಿನ ಹಳ್ಳಿಗಳ ಗಾಡಿಗಳು ನಮ್ಮ ಗೇಟಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಗಾಡಿಯನ್ನು ಹತ್ತಿಸಮೇತ ತೂಗುವ ನೆಲದ ತಕ್ಕಡಿಗೆ ನಾವು ಕಾಂಟಾ ಎನ್ನುತ್ತಿದ್ದೆವು. ಹನ್ನೆರಡು ವರ್ಷ ಅದನ್ನು ನೋಡಿಕೊಂಡವನು ಗುಂಜಹಳ್ಳಿಯ ಅಮರಪ್ಪ. ಎತ್ತು ಬೆದರದಂತೆ ಗಾಡಿಯನ್ನು ಕಾಂಟಾದ ಮೇಲೆ ಹತ್ತಿಸುವುದರಲ್ಲಿ ಅವನಂಥವರಿರಲಿಲ್ಲ.

ಹಿಂದಿನ ವರ್ಷದ ಸುಗ್ಗಿಯಲ್ಲಿ ತೂಕ ಕಡಿಮೆ ಬರುತ್ತಿದೆಯೆಂದು ರೈತರು ಗದ್ದಲ ಎಬ್ಬಿಸಿದರು. ಮಾಲೀಕರು ಕಾಂಟಾ ಸರಿಯಿದೆ, ಮನುಷ್ಯ ಸರಿಯಿಲ್ಲ ಎಂದು ಅಮರಪ್ಪನನ್ನು ತೆಗೆದುಹಾಕಿದರು. ಅವನು ತೂಕ ಕಡಿಮೆ ತೋರಿಸಿ, ಮಿಕ್ಕ ಹತ್ತಿಯನ್ನು ಹೊರಗೆ ಮಾರಿಕೊಂಡನೆಂದು ಮಾತು ಹಬ್ಬಿತು. ಗುಂಜಹಳ್ಳಿಯವರ ಗಾಡಿಗಳೂ ಅದೇ ಕಾಂಟಾ ಹತ್ತಿದ್ದವು. ಸ್ವಂತ ಊರಿನವರೇ ಮುಖ ತಿರುಗಿಸಿದ ಮೇಲೆ ಅಮರಪ್ಪ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ.

ಈ ವರ್ಷ ಗಾಡಿಗಳು ಕಡಿಮೆಯಾದವು. ದಲಾಲರು ಹಳ್ಳಿಗಳಲ್ಲೇ ಹತ್ತಿ ಕೊಂಡು ಲಾರಿಯಲ್ಲಿ ತರತೊಡಗಿದ್ದರು. ಲಾರಿಗಾಗಿ ದೊಡ್ಡ ಕಾಂಟಾ ಕೂರಿಸಲು ಹಳೆಯದನ್ನು ಬಿಚ್ಚಿದಾಗ, ಒಳಗಿನ ಉಕ್ಕಿನ ಅಂಚು ಸವೆದು, ಸಂದಿಯಲ್ಲಿ ಹತ್ತಿಬೀಜ ಮಣ್ಣು ಸೇರಿ ಕಲ್ಲಾಗಿತ್ತು. ಭಾರ ಹೆಚ್ಚಿದಷ್ಟೂ ಇದು ಕಡಿಮೆ ತೋರಿಸುತ್ತದೆ ಎಂದ ಬಿಚ್ಚಿದ ಮಿಸ್ತ್ರಿ. ಈ ಮಾತು ಗೇಟು ದಾಟಬಾರದು ಎಂದರು ಮಿಲ್ಲಿನ ಲೆಕ್ಕಪತ್ರ ನೋಡುವ ಮುನೀಮರು. ನಾನೇ ಹೋಗಿ ಅಮರಪ್ಪನಿಗೆ ತಿಳಿಸಬೇಕು ಅನ್ನಿಸಿತು. ಗುಂಜಹಳ್ಳಿಗೆ ಹೋಗಿ ವಿಚಾರಿಸುವ ಧೈರ್ಯ ಬರಲಿಲ್ಲ. ಅವನನ್ನು ಮಾನವಿಯ ಅಕ್ಕಿ ಮಿಲ್ಲಿನಲ್ಲಿ ಕಂಡೆನೆಂದು ಲಾರಿ ಡ್ರೈವರನೊಬ್ಬ ಹೇಳಿದ್ದ. ಆ ಒಂದು ಮಾತಿನ ಮೇಲೆ ಹೊರಟಿದ್ದೆ.

ಮಾನವಿ ಸಮೀಪಿಸುತ್ತಿದ್ದಂತೆ ತುಂಗಭದ್ರೆಯ ಕಾಲುವೆ ನೀರು ಕಾಣಿಸಿಕೊಂಡಿತು. ಬಿಳಿಜೋಳದ ನೆಲದಲ್ಲಿ ಭತ್ತ ನಿಂತಿತ್ತು. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರು ತೆಲುಗು ಮಾತಾಡುತ್ತ ಬಸ್ಸು ಹತ್ತಿದರು. ಊರ ಹೊರಗಿನ ಅಕ್ಕಿ ಮಿಲ್ಲಿನ ಅಂಗಳದಲ್ಲಿ ತೌಡಿನ ಧೂಳು ಕಣ್ಣಿಗೆ ಬೀಳುತ್ತಿತ್ತು. ಅಮರಪ್ಪ ಮೂರು ತಿಂಗಳು ಅಲ್ಲಿ ಚೀಲ ಹೊತ್ತಿದ್ದನೆಂದು ಹಮಾಲರ ಹಿರಿಯ ಹೇಳಿದ. ಒಂದು ದಿನ ರಾಯಚೂರು ಕಡೆಯ ಯಾರೋ ಅವನ ಗುರುತು ಹಿಡಿದು, ಇವ ಕಾಂಟಾದ ಕಳ್ಳ ಅಂದರಂತೆ. ಮರುದಿನ ಅಮರಪ್ಪ ಕೆಲಸಕ್ಕೆ ಬರಲಿಲ್ಲ. ಕವಿತಾಳದ ಬಸ್ಸು ಹತ್ತಿದ್ದನ್ನು ಕಂಡವರಿದ್ದರು.

ಆ ದಿನ ಮಾನವಿಯಲ್ಲೇ ಸೋದರತ್ತೆಯ ಮನೆಯಲ್ಲಿ ಉಳಿದೆ. ಅವರದೂ ನಮ್ಮಂತೆ ಗುಡಿಯ ಪೂಜೆಯ ಮನೆತನ; ಮಿಲ್ಲಿನಲ್ಲಿ ನನ್ನನ್ನು ಆಚಾರ್ರು ಎಂದೇ ಕರೆಯುತ್ತಿದ್ದರು. ಊಟಕ್ಕೆ ಬಡಿಸುತ್ತ, ಇಷ್ಟು ಬಿಸಿಲಿನಲ್ಲಿ ಯಾರ ಕೆಲಸಕ್ಕೆ ಅಲೆಯುತ್ತಿದ್ದೀ ಎಂದು ಅತ್ತೆ ಕೇಳಿದಳು. ಒಬ್ಬರಿಗೆ ಒಳ್ಳೆಯ ಸುದ್ದಿ ಹೇಳಬೇಕಾಗಿದೆ ಎಂದೆ.

ಮರುದಿನ ಬೆಳಗಿನ ಬಸ್ಸಿಗೆ ಕವಿತಾಳ. ಕಾಲುವೆಯ ಹಸಿರು ಹಿಂದೆ ಬಿದ್ದು ಒಣನೆಲ ಶುರುವಾಯಿತು. ಸಂತೆಯ ದಿನವಾದ್ದರಿಂದ ಬಸ್ಸಿನ ಮೇಲೂ ಜನ ಕೂತಿದ್ದರು. ನಿಲ್ದಾಣದ ಎದುರಿನ ಶೇಂಗಾ ವ್ಯಾಪಾರಿಯ ದುಕಾನಿನಲ್ಲಿ ಅಮರಪ್ಪ ತೂಕಕ್ಕೆ ನಿಂತಿದ್ದನೆಂದು ತಿಳಿಯಿತು. ವ್ಯಾಪಾರಿ ನನಗೆ ಚಹಾ ತರಿಸಿದ. “ಅವನ ಕೈ ಭಾಳ ಛಲೋ ಇತ್ರೀ. ಒಂದು ಕಾಳು ಹೆಚ್ಚಿಲ್ಲ, ಕಡಿಮಿಲ್ಲ. ಆದ್ರ ಆ ಸುದ್ದಿ ಇಲ್ಲಿತನಕ ಬಂತು. ಗಿರಾಕಿ ಎರಡೆರಡು ಸಲ ತೂಗ್ಸಾಕ ಹತ್ತಿದ್ರು. ನಾನರ ಏನ್ ಮಾಡ್ಲಿ? ದೇವದುರ್ಗದ ಕಡೆ ಹೋದ್ನಂತ,” ಅಂದ. ಕಳ್ಳನೆಂಬ ಹೆಸರು ಅವನ ಬೆನ್ನ ಹಿಂದೆ ಊರಿಂದೂರಿಗೆ ಬಸ್ಸು ಹತ್ತಿಕೊಂಡೇ ಬಂದಿತ್ತು.

ದೇವದುರ್ಗದ ಬಸ್ಸು ಸಿಕ್ಕಿದ್ದು ಹತ್ತೂವರೆಗೆ. ರಸ್ತೆ ಪೂರಾ ಕೆಟ್ಟಿತ್ತು. ಆ ಕಡೆಗೆ ಕಾಲುವೆಯೂ ಇಲ್ಲ, ಮಿಲ್ಲೂ ಇಲ್ಲ. ಕೂಲಿ ಬೇಕಾದವರು ರಸ್ತೆ ಕೆಲಸಕ್ಕೇ ಹೋಗಬೇಕು. ಕಂಡಕ್ಟರನನ್ನು ಕೇಳಿದಾಗ, ಗುಂಜಹಳ್ಳಿ ಕಡೆಯ ಗಂಡಹೆಂಡತಿ ಊರ ಹೊರಗೆ ರಸ್ತೆಗೆ ಹಾಕುವ ಕಡಿಗಲ್ಲು ಒಡೆಯುತ್ತಿದ್ದಾರೆ ಅಂದ. ದೇವದುರ್ಗಕ್ಕೆ ಒಂದು ಮೈಲಿ ಇರುವಾಗ ಬಸ್ಸು ನಿಲ್ಲಿಸಿ ನನ್ನನ್ನು ಇಳಿಸಿದ.

ರಸ್ತೆ ಬದಿಗೆ ಒಡೆದ ಕಲ್ಲಿನ ಗುಡ್ಡೆಗಳು. ನಾಲ್ಕು ಕೋಲು ನೆಟ್ಟು ಗೋಣಿತಟ್ಟು ಹೊದಿಸಿದ ನೆರಳಿನಲ್ಲಿ ಅಮರಪ್ಪ ಕುಳಿತಿದ್ದ. ಗಡ್ಡ ನೆರೆತಿತ್ತು. ಬೆರಳುಗಳಿಗೆ ರಬ್ಬರಿನ ತುಂಡು ಸುತ್ತಿಕೊಂಡಿದ್ದ. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದು, ತಾನು ಕೂತಿದ್ದ ಚೀಲವನ್ನೇ ಝಾಡಿಸಿ ಹಾಸಿದ. ಅವನ ಹೆಂಡತಿ ತಿಪ್ಪವ್ವ ಕೊಡದಿಂದ ನೀರು ಕೊಟ್ಟಳು.

ಕಾಂಟಾ ಬಿಚ್ಚಿದ್ದು, ಮಿಸ್ತ್ರಿ ಹೇಳಿದ್ದು ಎಲ್ಲವನ್ನೂ ಹೇಳಿದೆ. ಅವನು ಅಳಬಹುದು, ಸಿಟ್ಟಾಗಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಸುತ್ತಿಗೆಯನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಹೇಳಿದ:

“ಆಚಾರ್ರ, ಕಾಂಟಾ ಕೆಟ್ಟದಂತ ನಾ ಮುನೀಮರಿಗೆ ಮೂರು ಸಲ ಹೇಳಿದ್ದೆ. ನೀವು ಅಲ್ಲೇ ಕುಂತು ಬರಿಯಾಕತ್ತಿದ್ರಿ.”

ನಿಜ. ನಾನು ಕೇಳಿಸಿಕೊಂಡಿದ್ದೆ. ಸುಗ್ಗಿ ಮುಗಿಯಲಿ, ನೋಡೋಣ ಎಂದು ಮುನೀಮರು ಅಂದದ್ದೂ ನೆನಪಿತ್ತು. ಹದಿನೈದು ದಿನದ ಮೇಲೆ ಅಮರಪ್ಪನನ್ನು ತೆಗೆದುಹಾಕುವ ಕಾಗದ ಬರೆಯಲು ಹೇಳಿದಾಗ, ಒಂದೂ ಮಾತಾಡದೆ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟವನು ನಾನೇ. ಒಂದು ವರ್ಷದಿಂದ ನನಗೆ ಗೊತ್ತಿದ್ದುದನ್ನೇ ಹೊಸ ಸುದ್ದಿಯೆಂಬಂತೆ ಹೊತ್ತು ಮೂರು ಊರು ಅಲೆದಿದ್ದೆ.

ತಪ್ಪಾಯಿತು ಅಂದೆ. ಅವನು ತಲೆಯಾಡಿಸಿದ. “ನಾ ಕದ್ದಿಲ್ಲಂತ ನನಗ ಗೊತ್ತದ. ನನಗ ಹೇಳಿದ್ರ ಏನ್ ಬಂತ್ರಿ? ಊರಾಗ ಹೇಳ್ರಿ. ಮೊದಲು ನಮ್ಮವ್ವಗ ಹೇಳ್ರಿ. ಅಕಿ ಮಾರಿ ತೋರಸ್ಬ್ಯಾಡಂದಿದ್ಲು.”

ಮಧ್ಯಾಹ್ನದ ಬಸ್ಸಿಗೆ ಗಬ್ಬೂರಿನ ಮೇಲೆ ರಾಯಚೂರಿಗೆ ಬಂದೆ. ಮನೆಗೆ ಹೋದರೆ ಮನಸ್ಸು ಹಿಂಜರಿಯುತ್ತದೆಂದು ನಿಲ್ದಾಣದಿಂದಲೇ ಗುಂಜಹಳ್ಳಿಯ ಕಡೆಯ ಬಸ್ಸು ಹಿಡಿದೆ. ಹೊತ್ತು ಇಳಿಯುತ್ತಿತ್ತು. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ನಾನು ಯಾರೆಂದು ತಿಳಿಸಿ, ಕಾಂಟಾ ಕೆಟ್ಟಿತ್ತು, ಅಮರಪ್ಪನದು ತಪ್ಪಿಲ್ಲ ಎಂದು ಹೇಳಿದೆ. ಅವನ ತಾಯಿಯ ಮನೆ ಯಾವುದೆಂದು ಕೇಳಿದೆ.

ಅವರಲ್ಲಿ ಎಲ್ಲರಿಗಿಂತ ಹಿರಿಯನಾದ ಮುದುಕ ಕಟ್ಟೆಯಿಂದ ಇಳಿದು ಬಂದ. “ಅಕಿ ಶ್ರಾವಣದಾಗ ತೀರಿಕೊಂಡ್ಲು. ಮಗ ಎಲ್ಲಿ ಅದಾನಂತ ಯಾರಿಗೂ ಗೊತ್ತಾಗ್ಲಿಲ್ಲ. ಮಣ್ಣು ನಾವ ಮಾಡಿದ್ವಿ,” ಅಂದ. ಆಮೇಲೆ, “ಈ ಮಾತು ಆಗ ಹೇಳಿದ್ರ ಕೇಳಿ ಸಾಯ್ತಿದ್ಲು,” ಅಂದ.

ಅಷ್ಟರಲ್ಲಿ ಹೊಲದಿಂದ ಬಂದ ಇನ್ನಿಬ್ಬರು ಏನೆಂದು ವಿಚಾರಿಸಿದರು. ಇನ್ನೊಮ್ಮೆ ಹೇಳ್ರಿ ಎಂದ ಮುದುಕ. ಮೊದಲಿಂದ ಹೇಳಿದೆ. ಈ ಸಲ ಮುನೀಮರ ಮುಂದೆ ಅಮರಪ್ಪ ಮೂರು ಸಲ ಹೇಳಿದ್ದನ್ನೂ, ನಾನು ಕೇಳಿ ಸುಮ್ಮನಿದ್ದದ್ದನ್ನೂ, ಕಾಗದ ಬರೆದದ್ದನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಹೊಲದಿಂದ ಬಂದ ಆ ಇಬ್ಬರು, ನಾಳೆ ಹೋಗಿ ಕರಕೊಂಡು ಬರೋಣ, ಜಾಗ ತೋರಿಸ್ರಿ ಎಂದಷ್ಟೇ ಅಂದರು.

ರಜೆ ಮುಗಿದಿತ್ತು. ನಾನು ಮಿಲ್ಲಿಗೆ ಹೋಗಲಿಲ್ಲ. ಆಮೇಲೆಯೂ ಆ ಗೇಟಿನೊಳಗೆ ಕಾಲಿಡಲಿಲ್ಲ. ಬೆಳಗಿನ ದೇವದುರ್ಗದ ಬಸ್ಸಿನಲ್ಲಿ ಅವರಿಬ್ಬರೂ ಮುಂದೆ ಕೂತರು, ನಾನು ಹಿಂದೆ. ಊರು ದಾಟಿ ಕಲ್ಲಿನ ಗುಡ್ಡೆಗಳ ಕಡೆ ನಡೆದು ಹೋದೆವು. ಅಮರಪ್ಪ ದೂರದಿಂದಲೇ ತನ್ನ ಊರಿನವರ ಗುರುತು ಹಿಡಿದ. ಎದ್ದು ಧೋತರದ ಧೂಳು ಕೊಡವಿಕೊಂಡ. ತಿಪ್ಪವ್ವನನ್ನು ಕೂಗಿ ಕರೆದ. ಹನ್ನೆರಡು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ಅವನು ಅಷ್ಟು ಬಾಯಿತುಂಬಾ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಅವ್ವ ಕಳಿಸಿದ್ಲೇನು?” ಎಂದು ಕೇಳಿದ.

ಅವರಿಬ್ಬರೂ ತಿರುಗಿ ನನ್ನ ಮುಖ ನೋಡಿದರು.