ತೂಫಾನು ಹೋದ ಕಡೆ

ನಮ್ಮ ಮನೆಯಲ್ಲಿ ಸಮುದ್ರ ನೋಡಿದವರು ಇಬ್ಬರೇ. ಒಬ್ಬಳು ನಾನು, ಹೈಸ್ಕೂಲಿನ ಟೂರಿನಲ್ಲಿ ಮಲ್ಪೆಗೆ ಹೋಗಿ ಚಪ್ಪಲಿ ಕಳೆದುಕೊಂಡು ಬಂದವಳು. ಇನ್ನೊಬ್ಬ ನನ್ನ ಗಂಡ, ಅದನ್ನು ದಾಟಿ ಒಮಾನಿಗೆ ಹೋದವನು. ಹಾಗಿದ್ದೂ ಆ ಮೇ ತಿಂಗಳಲ್ಲಿ ಭದ್ರಾವತಿಯ ಜನ್ನಾಪುರದ ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದವರು ಚಹಾಕ್ಕಿಂತ ಮೊದಲು ಕೇಳುತ್ತಿದ್ದದ್ದು ಸಮುದ್ರದ ಸುದ್ದಿಯನ್ನು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿತ್ತು. ಎತ್ತ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಎದುರಿಗೆ ಗಂಡನನ್ನು ನಾನು ನೀವು ಎಂದೇ ಕರೆಯುವುದು. ಬರೆಯುವಾಗ ಮಾತ್ರ ಅವನು ಎಂದು ಬರುತ್ತದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೆ.

ಮಾವನದು ಇಟ್ಟಿಗೆ ಭಟ್ಟಿ. ಊರ ಹೊರಗೆ, ನಾಲೆಯ ಪಕ್ಕದಲ್ಲಿ ಗುತ್ತಿಗೆಗೆ ಹಿಡಿದ ಜಾಗ. ಬೇಸಿಗೆಯೆಲ್ಲ ಮಣ್ಣು ಕಲಸಿ, ಅಚ್ಚಿಗೆ ಹಾಕಿ, ಹಸಿ ಇಟ್ಟಿಗೆಗಳನ್ನು ಬಯಲಿನಲ್ಲಿ ಸಾಲಾಗಿ ಒಣಹಾಕುತ್ತಾರೆ. ಒಣಗಿದ ಮೇಲೆ ಗೂಡು ಕಟ್ಟಿ, ಒಳಗೆ ಸೌದೆ ತುಂಬಿ, ಹೊರಗೆ ಕೆಸರು ಮೆತ್ತಿ ಬೆಂಕಿ ಕೊಡುತ್ತಾರೆ. ಸುಟ್ಟ ಇಟ್ಟಿಗೆಗೆ ಯಾವ ಮಳೆಯ ಭಯವೂ ಇಲ್ಲ. ಹಸಿ ಇಟ್ಟಿಗೆಗೆ ಒಂದು ಜೋರು ಮಳೆ ಸಾಕು, ಸಂಜೆಯೊಳಗೆ ಮತ್ತೆ ಮಣ್ಣು. ಮುಂಗಾರಿಗೆ ಮೊದಲಿನ ಕೊನೆಯ ಗೂಡಿನ ಇಟ್ಟಿಗೆಯೆಲ್ಲ ಆಗ ಬಯಲಿನಲ್ಲಿ ಮಲಗಿತ್ತು.

ಆ ಭಟ್ಟಿ ನಿಂತದ್ದು ನನ್ನ ಗಂಡನ ದುಡಿಮೆಯ ಮೇಲೆ. ಒಮಾನಿನ ಸಲಾಲಾ ಎಂಬ ಊರಿನಲ್ಲಿ ಅವನು ಎಸಿ ರಿಪೇರಿ ಮಾಡುತ್ತಿದ್ದ. ಮದುವೆಯಾದ ವರ್ಷವೇ ಹೋದವನು, ರಜೆಗೆ ಬಂದಾಗಲೆಲ್ಲ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಈ ಗೂಡು ಚೆನ್ನಾಗಿ ಸುಟ್ಟು ಇಳಿದರೆ ಆ ಕೆಲಸ ಬಿಟ್ಟು ಬಂದು ಅಪ್ಪನ ಜೊತೆ ಭಟ್ಟಿ ನೋಡಿಕೊಳ್ಳುವುದು ಎಂದು ಮಾತಾಗಿತ್ತು. ಆದ್ದರಿಂದ ಹಸಿ ಇಟ್ಟಿಗೆ ನನಗೂ ಬೇಕಾಗಿತ್ತು. ದಿನಾ ಬೆಳಗ್ಗೆ ಎದ್ದು ನಾನೂ ಮೊದಲು ಮೋಡ ನೋಡುತ್ತಿದ್ದೆ. ಅದನ್ನು ಮುಚ್ಚಿಟ್ಟು ಮಾವನೊಬ್ಬರನ್ನೇ ಬೈದರೆ ಅದು ನ್ಯಾಯವಲ್ಲ.

ನಾನು ಶಿವಮೊಗ್ಗದ ಕೋಟೆಯ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಕಂಪ್ಯೂಟರ್ ಎದುರು ಕೂರುವವಳು ಎಂಬ ಕಾರಣಕ್ಕೆ ಚಂಡಮಾರುತದ ನಕ್ಷೆ ನೋಡಿ ಹೇಳುವ ಕೆಲಸವೂ ನನ್ನ ಕುತ್ತಿಗೆಗೇ ಬಿತ್ತು. ಅದು ಬಂದ ದಾರಿ ನಕ್ಷೆಯಲ್ಲಿ ಒಂದು ಗೆರೆ. ಹೋಗುವ ದಾರಿಯನ್ನು ಮಾತ್ರ ಹಾಗೆ ತೋರಿಸುತ್ತಿರಲಿಲ್ಲ. ಮುಂದೆ ಹೋದಷ್ಟೂ ಅಗಲವಾಗುವ, ಮೊರದಂಥ ಒಂದು ಆಕಾರ ಬರೆದು ಬಣ್ಣ ತುಂಬಿದ್ದರು. ಮೊರದ ಒಂದು ಅಂಚಿನಲ್ಲಿ ಕಾರವಾರ, ನಡುವೆ ಗುಜರಾತ್, ಇನ್ನೊಂದು ಅಂಚಿನಲ್ಲಿ ಒಮಾನ್. ಅಂದರೆ ನಮಗೂ ಗೊತ್ತಿಲ್ಲ ಎಂಬುದನ್ನು ಅಷ್ಟು ಚೆಂದವಾಗಿ ಹೇಳುತ್ತಿದ್ದರು. ಟಿವಿಯವರಿಗಾದರೋ ಎಲ್ಲವೂ ಗೊತ್ತಿತ್ತು. ಬೆಳಗ್ಗೆ ಮಂಗಳೂರು ಮುಳುಗಿಸಿ, ಮಧ್ಯಾಹ್ನ ಮುಂಬೈ ಮುಳುಗಿಸಿ, ಸಂಜೆ ಸೋಪಿನ ಜಾಹೀರಾತು ತೋರಿಸುತ್ತಿದ್ದರು.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಮಾವ ಜಗಲಿಯಲ್ಲೇ ಕಾಯುತ್ತಿರುತ್ತಿದ್ದರು. ಮನೆಯಲ್ಲಿ ನಾವಾಡುವುದು ಕನ್ನಡ ಬೆರೆತ ಉರ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಏನಂತಮ್ಮ ಇವತ್ತು?"

"ಇನ್ನೂ ಗೊತ್ತಿಲ್ಲ ಅಬ್ಬಾ. ಕಾರವಾರದ ಕಡೆನೇ ಬರಬಹುದು ಅಂತಾರೆ."

ಮಾವನ ಮುಖ ಇಷ್ಟು ಸಣ್ಣದಾಗುತ್ತಿತ್ತು. ಟಾರ್ಪಾಲು ಹೊಂದಿಸಲು ಸೈಕಲ್ ಹತ್ತಿ ಹೊರಟರೆ ಊಟದ ಹೊತ್ತಿಗೂ ಬರುತ್ತಿರಲಿಲ್ಲ. ಶಾಮಿಯಾನದವರನ್ನು, ಲಾರಿಯವರನ್ನು, ಕೊನೆಗೆ ಮಸೀದಿಯ ಕಮಿಟಿಯವರನ್ನೂ ಕೇಳಿ ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ. ನೋಡಿದರೆ ಅಯ್ಯೋ ಎನಿಸುತ್ತಿತ್ತು. ಆಗ ನನಗೆ ಅವರ ಮೇಲೆ ಸಿಟ್ಟಿರಲಿಲ್ಲ.

ಸಿಟ್ಟು ಶುರುವಾದದ್ದು ಗೆರೆ ತಿರುಗಿದ ದಿನ. ಮಧ್ಯಾಹ್ನ ಅಂಗಡಿಯಲ್ಲಿ ನಕ್ಷೆ ತೆರೆದು ನೋಡಿದರೆ ಮೊರವೇ ಎಡಕ್ಕೆ ವಾಲಿತ್ತು. ಕಾರವಾರ ಅದರ ಹೊರಗೆ. ನಡುಮಧ್ಯದಲ್ಲಿ ಒಮಾನಿನ ದಕ್ಷಿಣದ ತುದಿ, ಅಲ್ಲೇ ಸಣ್ಣ ಅಕ್ಷರದಲ್ಲಿ ಸಲಾಲಾ. ಆ ಹೆಸರನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನಿಂದ ಅಂಗಡಿಯ ಯಜಮಾನಿ ಬಗ್ಗಿ ನೋಡಿದರು.

"ಹೋಯ್ತಾ ಆ ಕಡೆ? ಬಚಾವಾದ್ವಿ ಮಾರಾಯ್ತಿ! ನಮ್ಮ ಅಣ್ಣನ ಮನೆ ಗೃಹಪ್ರವೇಶ ಇತ್ತು, ಮಳೆ ಬಂದ್ರೆ ಏನ್ ಗತಿ ಅಂತ ನಾನು ನಿದ್ದೆ ಮಾಡಿಲ್ಲ."

"ನಮ್ಮನೆಯವ್ರು ಅಲ್ಲೇ ಇರೋದು ಮೇಡಂ."

"ಅವ್ರು ದುಬೈಲಲ್ವಾ?"

"ಒಮಾನು."

"ಎಲ್ಲಾ ಒಂದೇ ಅಲ್ವಾ? ಆ ಕಡೆ ಬರೀ ದೊಡ್ಡ ದೊಡ್ಡ ಬಿಲ್ಡಿಂಗು. ಏನೂ ಆಗಲ್ಲ, ನೀನು ತಲೆ ಕೆಡಿಸ್ಕೋಬೇಡ."

ನನ್ನ ಗಂಡ ಇದ್ದದ್ದು ತಗಡಿನ ಡಬ್ಬಿಯಂಥ ಕೋಣೆಯಲ್ಲಿ. ವಿಡಿಯೊ ಕಾಲ್ ಮಾಡಿದಾಗ ಪಕ್ಕದ ಕೋಣೆಯವನು ಕೆಮ್ಮಿದರೂ ನನಗೆ ಕೇಳಿಸುತ್ತಿತ್ತು. ಅದನ್ನೆಲ್ಲ ಅವರಿಗೆ ಹೇಳಿ ಪ್ರಯೋಜನವೇನು? ಸಂಜೆಯ ಬಸ್ಸಿನಲ್ಲೂ ಅದೇ ಮಾತು. ಕಂಡಕ್ಟರ್ ಟಿಕೆಟ್ ಹರಿಯುತ್ತ ಯಾರಿಗೋ ಹೇಳುತ್ತಿದ್ದ: "ಒಮಾನಿಗೆ ಹೋಯ್ತಂತೆ ಕಣ್ರೀ, ಇನ್ನು ನಮ್ಗೇನೂ ಇಲ್ಲ." ಬಸ್ಸಿಗೆ ಬಸ್ಸೇ ನಿರಾಳವಾಗಿತ್ತು. ಒಮಾನಿನಲ್ಲಿ ಮನುಷ್ಯರೇ ಇಲ್ಲವೇನೋ ಎಂಬಂತೆ ಜನ ಕಿಟಕಿ ತೆಗೆದು ಗಾಳಿ ಕುಡಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಮನೆಯಲ್ಲಾದರೂ ಯಾರಾದರೂ ನನ್ನಂತೆ ಹೆದರುತ್ತಾರೆ ಎಂದುಕೊಂಡು ಬಂದೆ. ಜಗಲಿಯಲ್ಲಿ ಮಾವ ಎದ್ದು ನಿಂತರು.

"ಏನಂತೆ?"

"ತಿರುಗಿದೆ ಅಬ್ಬಾ. ಆ ಕಡೆಗೆ."

"ಆ ಕಡೆ ಅಂದ್ರೆ?"

"ಒಮಾನ್. ಸಲಾಲಾಕ್ಕೇ ಹೊಡೆಯುತ್ತೆ ಅಂತಿದ್ದಾರೆ."

"ಅಲ್‌ಹಮ್ದುಲಿಲ್ಲಾ" ಎಂದರು ಮಾವ. ದೇವರಿಗೆ ಧನ್ಯವಾದ ಹೇಳಿದರು! ಬಾಯಿ ತಪ್ಪಿ ಬಂದದ್ದಿರಬೇಕೆಂದು ಕಾದೆ. ಆಡಿದ ಮಾತನ್ನು ನುಂಗಿಕೊಳ್ಳಲಿಲ್ಲ. ಟೋಪಿ ತೆಗೆದು ತಲೆಯ ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತರು.

"ಅಬ್ಬಾ, ನಿಮ್ಮ ಮಗ ಅಲ್ಲಿದ್ದಾರೆ" ಎಂದೆ.

"ಗೊತ್ತಮ್ಮ. ಅವನಿಗೆ ಕಾಲಿದೆ, ನೀರು ಬಂದ್ರೆ ಎದ್ದು ಓಡ್ತಾನೆ. ಇಟ್ಟಿಗೆ ಓಡುತ್ತಾ?"

ನಾನು ಒಳಗೆ ಹೋದೆ. ಒಳಗೆ ಬೇರೆಯೇ ನಡೆಯುತ್ತಿತ್ತು.

ಅತ್ತೆ ಓಣಿಯ ಹೆಂಗಸರನ್ನು ಸೇರಿಸಿ ಖತಂ ಎಂಬ ಪ್ರಾರ್ಥನೆಗೆ ಕೂರಿಸಿದ್ದರು. ಮನೆಗೆ ಏನಾದರೂ ಕಷ್ಟ ಬಂದರೆ ನಮ್ಮಲ್ಲಿ ಹೀಗೆ ಮಾಡುತ್ತಾರೆ. ಬಿಳಿ ಚಾದರ ಹಾಸಿ, ನಡುವೆ ಹುಣಸೆ ಬೀಜದ ರಾಶಿ ಸುರಿದು, ಸುತ್ತ ಕೂತವರು ಒಮ್ಮೆ ಕುರಾನಿನ ಆಯತ್ ಓದಿ ಒಂದು ಬೀಜ ಪಕ್ಕಕ್ಕಿಡಬೇಕು. ರಾಶಿ ಮುಗಿಯುವವರೆಗೆ ಏಳುವಂತಿಲ್ಲ. ಓದುವ ಆಯತ್ ಕೂಡ ಸಮುದ್ರದ್ದೇ, ಮೀನಿನ ಹೊಟ್ಟೆಯೊಳಗೆ ಸಿಕ್ಕಿಕೊಂಡ ಪೈಗಂಬರರು ಕೂಗಿದ ಮಾತು. ನಾನೂ ಕೈಕಾಲು ತೊಳೆದು ದುಪಟ್ಟಾ ಹೊದ್ದು ಕೂತೆ. ಹುಣಸೆ ಬೀಜ ಬೆರಳಲ್ಲಿ ಜಾರುತ್ತಿತ್ತು. ಪ್ರತಿ ಬೀಜಕ್ಕೂ ಅವನ ಮುಖ ಬರುತ್ತಿತ್ತು.

ಬೀಜ ಮುಗಿದ ಮೇಲೆ ಅತ್ತೆಯೇ ಕೈಯೆತ್ತಿ ದುವಾ ಮಾಡಿದರು. ತೂಫಾನು ತಿರುಗಿದೆ ಎಂಬಷ್ಟು ಜಗಲಿಯಿಂದ ಅವರ ಕಿವಿಗೂ ಬಿದ್ದಿತ್ತು. "ಯಾ ಅಲ್ಲಾ, ಈ ತೂಫಾನು ನಮ್ಮ ಕಡೆ ಬರದೇ ಇರಲಿ. ಎತ್ತ ತಿರುಗಿದೆಯೋ ಅತ್ತಲೇ ಹೋಗಲಿ." ಹೆಂಗಸರೆಲ್ಲ ಆಮೀನ್ ಎಂದರು. ನನ್ನ ಬಾಯಿಂದ ಅದು ಹೊರಡಲಿಲ್ಲ.

"ಎತ್ತ ತಿರುಗಿದೆ ಅಂತ ಗೊತ್ತಾ ಅಮ್ಮಿ?" ಎಂದು ಕೇಳಿಯೇಬಿಟ್ಟೆ. ನನ್ನ ದನಿ ಕೆಟ್ಟದಾಗಿಯೇ ಇತ್ತು, ಓಣಿಯವರೆಲ್ಲ ತಿರುಗಿ ನೋಡಿದರು. "ನಿಮ್ಮ ಮಗನ ಕಡೆ."

ಅತ್ತೆ ನನ್ನನ್ನು ಪೆದ್ದಿಯ ಹಾಗೆ ನೋಡಿದರು. "ಏನ್ ಮಾತಾಡ್ತೀಯಾ? ಸಮುದ್ರ ಇರೋದು ಮಂಗಳೂರ ಕಡೆ. ಅವನು ಹೋಗಿದ್ದು ಬೆಂಗಳೂರ ಕಡೆ. ನಾನೇ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿಲ್ವಾ?"

ಮಗ ಬೆಂಗಳೂರಿನ ರೈಲು ಹತ್ತಿ ಹೋದವನು, ಅಲ್ಲಿಂದ ವಿಮಾನ. ಆದ್ದರಿಂದ ಒಮಾನ್ ಬೆಂಗಳೂರಿನ ಆಚೆಗಿದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದ ಹೆಂಗಸು ಅದು. ತೂಫಾನು ಮಂಗಳೂರಿನಿಂದ ಆಚೆ ಹೋದಷ್ಟೂ ಮಗನಿಂದ ದೂರವಾಯಿತು ಎಂಬ ಲೆಕ್ಕ. ಸಾಂಬ್ರಾಣಿಯ ಹೊಗೆಯ ನಡುವೆ ಕೂತಿದ್ದ ನಾನು ಮೊಬೈಲು ತೆಗೆದು ನಕ್ಷೆ ತೋರಿಸಿದೆ. ಇದು ಭದ್ರಾವತಿ, ಇದು ಸಮುದ್ರ, ಸಮುದ್ರದ ಆ ದಡದಲ್ಲಿ ಇಗೋ ಇಲ್ಲಿ ಅವರು, ಇದು ತೂಫಾನು. ಬೆರಳಿಟ್ಟು ತೋರಿಸುವಾಗ ಒಂಥರಾ ಕ್ರೂರ ಸಮಾಧಾನವೂ ಆಯಿತು.

ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಮೊಬೈಲನ್ನು ಚಾದರದ ಮೇಲೆ ಮೆಲ್ಲಗಿಟ್ಟು, ಎಣಿಸಿಟ್ಟಿದ್ದ ಹುಣಸೆ ಬೀಜಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಮತ್ತೆ ನಡುವೆ ಸುರಿದರು.

"ಮೊದಲಿಂದ ಓದ್ಬೇಕು" ಎಂದರು. "ಏನಂತ ಕೇಳ್ಲಿ, ಹೇಳು. ಇಲ್ಲಿಗೆ ಬರಲಿ ಅಂತ ಕೇಳಿದ್ರೆ ನಿಮ್ಮ ಮಾವ ಸಾಯ್ತಾರೆ."

"ಸಮುದ್ರದಲ್ಲೇ ಕರಗಿಹೋಗಲಿ ಅಂತ ಕೇಳಿ ಅಮ್ಮಿ."

ಓಣಿಯ ಹೆಂಗಸರು ಅಡುಗೆಯ ನೆಪ ಹೇಳಿ ಎದ್ದರು. ಅತ್ತೆ ಮತ್ತು ನಾನು, ಇಬ್ಬರೇ ರಾಶಿ ಮುಗಿಸಿದೆವು. ಸೊಸೆಯಾಗಿ ಬಂದ ಮೇಲೆ ಅವರ ಪಕ್ಕದಲ್ಲಿ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಅದು ಸಮುದ್ರದಲ್ಲಿ ಕರಗಲಿಲ್ಲ. ನೇರ ಹೋಗಿ ಸಲಾಲಾಕ್ಕೇ ಹೊಡೆಯಿತು. ಅವನ ಫೋನು ಸತ್ತುಹೋಯಿತು. ಕಂಪನಿಯ ನಂಬರಿಗೆ ಮಾಡಿದರೆ ಅರಬ್ಬಿಯಲ್ಲಿ ಒಬ್ಬ ಹೆಂಗಸು ಏನೋ ಹೇಳಿ ಇಟ್ಟುಬಿಡುತ್ತಿದ್ದಳು. ಇಲ್ಲಿ ಭದ್ರಾವತಿಯಲ್ಲಿ ನಾಲ್ಕು ಹನಿ ಬಿದ್ದು, ಮೋಡ ಹರಿದು, ಚುರುಚುರು ಬಿಸಿಲು ಬಂತು. ಬಿಸಿಲನ್ನು ನಾನು ಯಾವತ್ತೂ ಅಷ್ಟು ದ್ವೇಷಿಸಿದ್ದಿಲ್ಲ. ಬಯಲಿನ ಇಟ್ಟಿಗೆ ಕಟಕಟ ಒಣಗಿತು. ಮಾವ ಆಳು ಹಚ್ಚಿ ಗೂಡು ಕಟ್ಟಿಸಿದರು.

"ಅವರ ಸುದ್ದಿ ಬರೋವರೆಗಾದ್ರೂ ನಿಲ್ಲಿಸಿ ಅಬ್ಬಾ" ಎಂದು ಬಾಗಿಲಿಗೆ ಅಡ್ಡ ನಿಂತು ಕೇಳಿದೆ. ಆವರೆಗೆ ಅವರೆದುರು ಹಾಗೆ ನಿಂತವಳಲ್ಲ.

"ಮುಂಗಾರು ನಿಲ್ಲುತ್ತಾ?" ಎಂದರು. "ಅವನಿಗೋಸ್ಕರವೇ ಅಲ್ವೇನಮ್ಮ ಇದೆಲ್ಲ?" ಕಣ್ಣು ಕೆಂಪಗಿತ್ತು. ಅತ್ತಿದ್ದರೋ, ಧೂಳೋ, ನಾನು ವಿಚಾರಿಸಲಿಲ್ಲ. ಅವರಿಗೆ ಅಷ್ಟು ಮರ್ಯಾದೆ ಕೊಡುವ ಮನಸ್ಸೂ ಇರಲಿಲ್ಲ.

ಗೂಡಿಗೆ ಬೆಂಕಿ ಕೊಡುವ ದಿನ ಅತ್ತೆ ಹೋಗಲಿಲ್ಲ. ನನ್ನನ್ನು ಕಳಿಸಿದರು, ಪ್ರಾರ್ಥನೆ ಓದಿ ಹಂಚುವ ಫಾತಿಹಾದ ಸಕ್ಕರೆ ಹಿಡಿದುಕೊಂಡು ಮನೆಯವರು ಯಾರಾದರೂ ನಿಲ್ಲಬೇಕಲ್ಲ. ಮಾವ ಫಾತಿಹಾ ಓದಿ, ಗೂಡಿನ ಬಾಯಿಗೆ ಕೊಳ್ಳಿ ಇಟ್ಟರು. ಆಳುಗಳು ಸಕ್ಕರೆ ತಿಂದು ಕೈ ಒರೆಸಿಕೊಂಡರು. ಕೆಸರು ಮೆತ್ತಿದ ಗೋಡೆಯ ಸಂದಿಗಳಿಂದ ಹೊಗೆ ಏಳಲು ಶುರುವಾದಾಗ ನನ್ನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು, ಒಮಾನಿನದು.

"ನಾನು ಕಣೇ" ಎಂದ.

ಅವನೇ ಹೇಳಿದ. ಕೋಣೆಯ ಚಾವಣಿ ಹಾರಿಹೋಗಿತ್ತು. ಸೊಂಟದ ಮಟ್ಟದ ನೀರಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆದು ಒಂದು ಶಾಲೆ ಸೇರಿದ್ದರು. ಪಕ್ಕದ ಕೋಣೆಯ ಕೆಮ್ಮಿನ ಮನುಷ್ಯ ಇನ್ನೂ ಸಿಕ್ಕಿರಲಿಲ್ಲ. ಫೋನು ಬೇರೆ ಯಾರದೋ, ಬೇಗ ಮುಗಿಸಬೇಕು.

"ಏಟಾಗಿಲ್ಲ ತಾನೇ ನಿಮಗೆ?" ಎಂದು ಕೊನೆಗೂ ಕೇಳಿದೆ.

"ಏನಿಲ್ಲ. ಅದು ಬಿಡು. ಇಟ್ಟಿಗೆ ಹೇಗಿದೆ? ಆ ಕಡೆ ಮಳೆ ಬಂತಾ?"

"ಬರ್ಲಿಲ್ಲ. ಈಗ ಬೆಂಕಿ ಕೊಟ್ರು."

ಆ ಕಡೆಯಿಂದ ಒಂದು ಉದ್ದ ಉಸಿರು ಬಂತು. ಮಾವನದೇ ಉಸಿರು, ಅದೇ ಮಾತು: "ಅಲ್‌ಹಮ್ದುಲಿಲ್ಲಾ." ಆಮೇಲೆ ನಕ್ಕ. "ಕೇಳು, ಇಲ್ಲಿ ಎಲ್ರೂ ತಿರುಗಿ ಹೋಗಲಿ ಅಂತ ದುವಾ ಮಾಡ್ತಿದ್ರು. ನಾನೊಬ್ಬನೇ ಇಲ್ಲಿಗೇ ಬರಲಿ ಅಂತ ಕೇಳ್ಕೊಂಡೆ. ಅಲ್ಲಿ ಇಟ್ಟಿಗೆ ಹೋದ್ರೆ ನಾನು ಇನ್ನೆಷ್ಟು ವರ್ಷ ಇಲ್ಲೇ ಕೊಳೀಬೇಕು, ಹೇಳು?"

ಪಕ್ಕದಲ್ಲಿ ಮಾವ ಫೋನಿಗಾಗಿ ಕೈ ಚಾಚಿ ನಿಂತಿದ್ದರು. ಕೊಟ್ಟುಬಿಟ್ಟೆ. ಅಪ್ಪ ಮಗ ಸೌದೆಯ ಬಗ್ಗೆ, ಉರಿಯ ಬಗ್ಗೆ ಮಾತಾಡತೊಡಗಿದರು. ಅವನು ಬದುಕಿದ್ದಕ್ಕೆ ನಾನು ಕುಣಿಯಬೇಕಿತ್ತು. ಸಕ್ಕರೆಯ ತಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತೆ. ಅವನ ಜೀವ ಉಳಿಯಲಿ ಎಂದು ಬೇಡಿದವರು ನಾವಿಬ್ಬರು ಹೆಂಗಸರೇ. ಅವನು ಕೂಡ ಬೇಡಿರಲಿಲ್ಲ.