ಹಳದಿ ಬಟ್ಟೆಯ ಅಂಕಲ್

ಇಪೋ ಪಟ್ಟಣದ ರಿಮೋಟ್ ಕಾರಿನ ಟ್ರ್ಯಾಕಿನಲ್ಲಿ ಅಂಕಲ್ ಫೂಂಗ್ ಯಾರನ್ನೂ ನಂಬುವವರ ಪೈಕಿಯಲ್ಲ. ತಮ್ಮ ಪುಟ್ಟ ಕಾರಿನ ನೈಟ್ರೋ ಇಂಜಿನ್ನಿಗೆ ಇಂಧನ ಹೆಚ್ಚುಕಡಿಮೆ ಮಾಡುವ ತಿರುಪನ್ನು ಮುಟ್ಟುವಾಗ ಅದರ ಮೇಲೊಂದು ಹಳದಿ ಬಟ್ಟೆ ಹೊದಿಸುತ್ತಾರೆ. ಎಷ್ಟು ಸುತ್ತು ತಿರುಗಿಸಿದರೆಂದು ಪಕ್ಕದ ಮೇಜಿನ ರಜ್ಲಾನ್ ಎಣಿಸಿಬಿಟ್ಟಾನೆಂಬ ಗುಮಾನಿ. ಸಾಲದ್ದಕ್ಕೆ ಸ್ಕ್ರೂಡ್ರೈವರನ್ನು ಗಾಳಿಯಲ್ಲೂ ನಾಲ್ಕು ಸಲ ಸುಳ್ಳುಸುಳ್ಳೇ ತಿರುಗಿಸುತ್ತಾರೆ. ಸೀಲು ಒಡೆಯದ ಇಂಧನದ ಡಬ್ಬಿಯನ್ನೂ ಮೂಸಿ, "ಇದರಲ್ಲೇನೋ ಬೆರ್ಸಿದಾರೆ" ಎನ್ನುತ್ತಾರೆ. ಯಾರಾದರೂ ಕಾಫಿ ಕೊಡಿಸಿದರೆ, "ನನ್ನಿಂದ ಏನಾಗ್ಬೇಕಿತ್ತಪ್ಪಾ?" ಪಾಯಿಖಾನೆಗೆ ಹೋಗುವಾಗ ಇಂಜಿನ್ನಿನ ಪ್ಲಗ್ಗನ್ನೇ ಕಿತ್ತು ಜೇಬಿಗಿಳಿಸಿಕೊಳ್ಳುತ್ತಾರೆ. ಅವರು ಕಣ್ಣುಮುಚ್ಚಿ ನಂಬುವುದು ಇಂಜಿನ್ನಿನ ದನಿಯೊಂದನ್ನೇ. ಕಳೆದ ಭಾನುವಾರ ರೇಸಿನ ನಡುವೆ ರಜ್ಲಾನನ ಕಾರಿನ ಹೊಗೆ ನಿಂತು ದನಿ ಕೀರಲಾದದ್ದು ಕೇಳಿದ್ದೇ, ಬಟ್ಟೆ ಹಿಡಿದುಕೊಂಡೇ ಓಡಿದರು. "ನಿಲ್ಸೋ, ಇಂಧನ ಸಾಲ್ತಿಲ್ಲ ಅದಕ್ಕೆ, ಸುಟ್ಟುಹೋಗತ್ತೆ." ರಜ್ಲಾನ್ ನಕ್ಕ. "ನಾನು ನಿಲ್ಸಿದ್ರೆ ಫೈನಲ್ ನಿಮ್ದು, ಅಲ್ವಾ ಅಂಕಲ್?" ಮುಂದಿನ ತಿರುವಿನಲ್ಲಿ ಇಂಜಿನ್ ಬಿಗಿದುಕೊಂಡು ಸೀಜ್ ಆಯಿತು. ಕೈಯಿಟ್ಟರೆ ಬೊಬ್ಬೆ ಬರುವಷ್ಟು ಕಾದಿದ್ದ ಕಾರನ್ನು ಅಂಕಲ್ಲೇ ಆ ಬಟ್ಟೆಯಲ್ಲಿ ಹಿಡಿದು ತಂದರು. ಅವರ ಮೇಜಿನ ಮೇಲೆ ಅವರದೇ ಕಾರಿನ ತಿರುಪು ಬಟ್ಟೆಯಿಲ್ಲದೆ ಕೂತಿತ್ತು. ಅದನ್ನೇ ತೋರಿಸಿ, "ನೋಡ್ಕೊಳ್ಳೋ, ತಿರುಪು ಹೀಗಿಟ್ಕೊಂಡ್ರೆ ಇಂಜಿನ್ ಸುಡಲ್ಲ" ಅಂದರು. ಇದರಲ್ಲೇನು ಕಿತಾಪತಿಯಿದೆಯೋ ಎಂದು ರಜ್ಲಾನ್ ಮುಖ ತಿರುಗಿಸಿಕೊಂಡ.